ಎ. ಕೆ. ರಾಮಾನುಜನ್

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ (16 ಮಾರ್ಚ್ 1929 – 13 ಜುಲೈ 1993) ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳ ಕವಿ, ಅನುವಾದಕ, ಭಾಷಾಶಾಸ್ತ್ರಜ್ಞ ಹಾಗೂ ಜಾನಪದ ವಿದ್ವಾಂಸರು. ಹಾವು ಮನುಷ್ಯನಾಗುವ, ಹುಡುಗಿ ಹೂವಿನ ಮರವಾಗುವ ಕನ್ನಡದ ಜನಪದ ಕಥೆಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರಲ್ಲಿ ಇವರು ಪ್ರಮುಖರು. ಇವರಿಂದ ಕೇಳಿದ ಎರಡು ಕಥೆಗಳೇ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕಕ್ಕೆ ಆಧಾರ.

ಜನನ ಮತ್ತು ಶಿಕ್ಷಣ

ರಾಮಾನುಜನ್ ಅವರು ಮೈಸೂರಿನ ತಮಿಳು ಅಯ್ಯಂಗಾರ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. ತಂದೆಯೊಡನೆ ಇಂಗ್ಲಿಷ್, ತಾಯಿಯೊಡನೆ ತಮಿಳು, ಮನೆಯ ಹೊರಗೆ ಕನ್ನಡ, ಹೀಗೆ ಮೂರು ಭಾಷೆಗಳ ನಡುವೆ ಬೆಳೆದರು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿದರು.

ವೃತ್ತಿ ಮತ್ತು ಕೃತಿಗಳು

ಕೊಲ್ಲಂ, ಬೆಳಗಾವಿ ಮತ್ತು ಬರೋಡಾಗಳಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಅಮೆರಿಕಕ್ಕೆ ತೆರಳಿದರು. ಇಂಡಿಯಾನಾ ವಿಶ್ವವಿದ್ಯಾಲಯದಿಂದ 1963ರಲ್ಲಿ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂರು ದಶಕಗಳ ಕಾಲ ಬೋಧಿಸಿದರು. ವಚನಗಳ ಇಂಗ್ಲಿಷ್ ಅನುವಾದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪ್ರಕಟವಾಯಿತು. 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಪದ್ಯಗಳು' (1977), 'ಕುಂಟೋಬಿಲ್ಲೆ' (1990) ಇವರ ಕನ್ನಡ ಕವನ ಸಂಕಲನಗಳು.

ನಾಗನ ಕಥೆ ಮತ್ತು ಅದರ ಅಂತ್ಯ

ಹೆಂಗಸರು ಮನೆಯೊಳಗೆ ಮಕ್ಕಳಿಗೆ ಹೇಳುವ ಕಥೆಗಳನ್ನು ರಾಮಾನುಜನ್ ಅವರು ಸಾಹಿತ್ಯವೆಂದೇ ಪರಿಗಣಿಸಿ ಸಂಗ್ರಹಿಸಿದರು. ಅವುಗಳಲ್ಲಿ ಒಂದು, ಗಂಡನಿಂದ ಕಡೆಗಣಿಸಲ್ಪಟ್ಟ ಹೆಣ್ಣಿನದು. ಗಂಡನನ್ನು ಒಲಿಸಿಕೊಳ್ಳಲೆಂದು ಅವಳು ಸಿದ್ಧಪಡಿಸಿದ ವಶೀಕರಣದ ಮದ್ದು ಹುತ್ತಕ್ಕೆ ಬೀಳುತ್ತದೆ. ಅದನ್ನು ಸೇವಿಸಿದ ನಾಗನು ಗಂಡನ ರೂಪದಲ್ಲಿ ಅವಳ ಬಳಿಗೆ ಬರುತ್ತಾನೆ.

ಕಾರ್ನಾಡರ ನಾಟಕದಲ್ಲಿ ಇದೇ ಕಥೆಗೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿವೆ. ಒಂದರಲ್ಲಿ ನಾಗನು ರಾಣಿಯ ಕೂದಲಿಗೆ ಕೊರಳೊಡ್ಡಿ ಪ್ರಾಣ ಬಿಡುತ್ತಾನೆ. ಅವಳು ಮಗನ ಕೈಯಿಂದಲೇ ಹಾವಿನ ಚಿತೆಗೆ ಬೆಂಕಿ ಇಡಿಸುತ್ತಾಳೆ. ಇದಕ್ಕೆ ಒಪ್ಪದ ಕೇಳುಗರಿಗಾಗಿ ಇನ್ನೊಂದರಲ್ಲಿ ಹಾವು ಬದುಕುಳಿದು ಅವಳ ಕೂದಲಿನಲ್ಲೇ ಆಶ್ರಯ ಪಡೆಯುತ್ತದೆ.

ನಾಟಕದ ಕಥೆಗೂ ಕರಾವಳಿಯ ನಾಗಮಂಡಲ ಸೇವೆಯ ವಿಧಿಗೂ ಇರುವ ಸಾಮ್ಯ ಹೆಚ್ಚಾಗಿ ಹೆಸರಿನದು. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಒಳಗೊಂಡ ತುಳುನಾಡಿನಲ್ಲಿ ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ ಮಾಡುವ ರೂಢಿಯಿದೆ. ಆದ್ದರಿಂದ ಮೊದಲ ಅಂತ್ಯದ ಚಿತೆ ಇಲ್ಲಿನ ಓದುಗರಿಗೆ ಬರಿಯ ಕಲ್ಪನೆಯಾಗಿ ಕಾಣುವುದಿಲ್ಲ. ಹಾವು ಹಾವಾಗಿಯೇ ಸತ್ತರೂ ಬಂಧುವಾಗಿ ಬೀಳ್ಕೊಡಲ್ಪಡುತ್ತದೆ. ಟಿ. ಎಸ್. ನಾಗಾಭರಣ ಅವರು ಈ ನಾಟಕವನ್ನು 1997ರಲ್ಲಿ ಚಲನಚಿತ್ರವಾಗಿ ನಿರ್ದೇಶಿಸಿದರು.

ಹೇಳದೆ ಬಚ್ಚಿಟ್ಟ ಕಥೆ ಜೋಡಾಗಿಯೂ ಹಾಡು ಅಂಗಿಯಾಗಿಯೂ ರೂಪ ತಾಳಿ ಮನೆಯಲ್ಲಿ ಜಗಳ ಹುಟ್ಟಿಸುವ ಇನ್ನೊಂದು ಕನ್ನಡ ಕಥೆಯೂ ಇವರ ಸಂಗ್ರಹದಲ್ಲಿದೆ. ಕಥೆ ಉಳಿಯಬೇಕಾದರೆ ಅದನ್ನು ಇನ್ನೊಬ್ಬರಿಗೆ ಹೇಳಬೇಕೆಂಬುದು ಇದರ ತಿರುಳು.

ಪ್ರಶಸ್ತಿಗಳು ಮತ್ತು ನಿಧನ

1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆತವು. 1993ರ ಜುಲೈ 13ರಂದು ಶಿಕಾಗೋದಲ್ಲಿ ನಿಧನರಾದರು. ಇವರು ಸಂಗ್ರಹಿಸಿದ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನ 'ಎ ಫ್ಲವರಿಂಗ್ ಟ್ರೀ' 1997ರಲ್ಲಿ, ಮರಣಾನಂತರ ಪ್ರಕಟವಾಯಿತು. ಸಮಗ್ರ ಇಂಗ್ಲಿಷ್ ಕವಿತೆಗಳಿಗೆ 1999ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.