ಗಣಿತಗುರು ಭಾಸ್ಕರಾಚಾರ್ಯರು

ಬೀಜಗಣಿತವೆಂಬ ಹೆಸರು ಕಿವಿಗೆ ಬಿದ್ದೊಡನೆ ಮಕ್ಕಳ ಮುಖ ಬಾಡುವುದನ್ನು ನಮ್ಮ ಶಿಕ್ಷಕ ಬಂಧುಗಳೆಲ್ಲರೂ ಕಂಡವರೇ. ನಿನ್ನೆಯವರೆಗೆ ಅಂಕಿಗಳೊಡನೆ ಆಡಿಕೊಂಡಿದ್ದ ಬಾಲಕನು, ಅಂಕಿಯ ಸ್ಥಾನದಲ್ಲಿ ಅಕ್ಷರವೊಂದು ಬಂದು ಕುಳಿತ ಕೂಡಲೆ, ಅಪರಿಚಿತರ ಮನೆಯನ್ನು ಹೊಕ್ಕವನಂತೆ ತತ್ತರಿಸುತ್ತಾನೆ. ಈ ವಿದ್ಯೆ ಎಲ್ಲಿಂದಲೋ ಹೊರಗಿನಿಂದ ಬಂದುದು, ನಮ್ಮ ನಿತ್ಯದ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಅವನಲ್ಲಿ ಬೇರೂರಿಬಿಡುತ್ತದೆ. ಆದರೆ ಎಂಟು ಶತಮಾನಗಳಿಗೂ ಹಿಂದೆ, ಸಹ್ಯಾದ್ರಿಯ ಆಸರೆಯ ಊರೊಂದರಲ್ಲಿ ಕುಳಿತು, ಈ ಎರಡು ಲೆಕ್ಕಗಳೂ ಒಂದೇ ಎಂದು ತೋರಿಸಿಕೊಟ್ಟ ಮಹಾನುಭಾವರೊಬ್ಬರಿದ್ದರು. ಅವರೇ ಭಾಸ್ಕರಾಚಾರ್ಯರು. ಅವರ ಜೀವಿತವನ್ನು ನೆನೆಯುವುದು ವಿದ್ಯಾಲಯದ ಸ್ಮರಣ ಸಂಚಿಕೆಯೊಂದಕ್ಕೆ ಸರ್ವಥಾ ಉಚಿತವಾದುದು. ಏಕೆಂದರೆ ಅವರ ಕಥೆಯು ಒಬ್ಬ ಗಣಿತಜ್ಞನ ಕಥೆಯಷ್ಟೇ ಅಲ್ಲ, ವಿದ್ಯೆಯನ್ನು ಉಳಿಸಿಕೊಂಡು ಬಂದ ಒಂದು ಮನೆತನದ ಮತ್ತು ಒಂದು ಮಠದ ಕಥೆಯೂ ಆಗಿದೆ.

ಭಾಸ್ಕರಾಚಾರ್ಯರು ಜನಿಸಿದ್ದು ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ತಮ್ಮ ಜನ್ಮವರ್ಷವನ್ನೂ, ಮೂವತ್ತಾರನೆಯ ವಯಸ್ಸಿನಲ್ಲಿ ಮಹಾಗ್ರಂಥವನ್ನು ರಚಿಸಿದ ಸಂಗತಿಯನ್ನೂ ಅವರೇ ತಮ್ಮ ಕೃತಿಯಲ್ಲಿ ಹೇಳಿಕೊಂಡಿರುವುದರಿಂದ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತಂದೆ ಮಹೇಶ್ವರರು ಶಾಂಡಿಲ್ಯ ಗೋತ್ರದ ಬ್ರಾಹ್ಮಣರು, ಜ್ಯೋತಿಶ್ಶಾಸ್ತ್ರದಲ್ಲಿ ಪಾರಂಗತರು. ಭಾಸ್ಕರರಿಗೆ ತಂದೆಯೇ ಗುರುವಾದರು. ಅವರ ಊರಿನ ಹೆಸರು ವಿಜ್ಜಡವಿಡ. ಇದು ನಮ್ಮ ವಿಜಯಪುರವೇ ಎಂಬುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಂದ ನಂಬಿಕೆ. ಆದರೆ ಊರು ಸಹ್ಯಪರ್ವತದ ಸಮೀಪದಲ್ಲಿತ್ತೆಂದು ಆಚಾರ್ಯರು ತಿಳಿಸಿರುವುದರಿಂದಲೂ, ಅವರ ವಂಶದ ಶಾಸನವು ಖಾನದೇಶದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ದೊರೆತಿರುವುದರಿಂದಲೂ, ಆ ಪ್ರದೇಶವೇ ಅವರ ನೆಲೆಯೆಂದು ಅನೇಕ ವಿದ್ವಾಂಸರು ವಾದಿಸುತ್ತಾರೆ. ಅಭಿಮಾನದ ಬಲದಿಂದ ಇಂಥ ಪ್ರಶ್ನೆಯನ್ನು ತೀರ್ಮಾನಿಸಲಾಗದು. ಜನ್ಮಭೂಮಿ ಯಾವುದೇ ಇರಲಿ, ಅವರ ವಿದ್ಯೆಗೆ ಎಲ್ಲೆಕಟ್ಟುಗಳಿಲ್ಲ.

ಭಾಸ್ಕರರು ಬಯಲಿನಲ್ಲಿ ಬೆಳೆದ ಒಂಟಿಮರವಲ್ಲ. ಆರ್ಯಭಟ, ಬ್ರಹ್ಮಗುಪ್ತ, ಶ್ರೀಧರರೇ ಮೊದಲಾದ ಪೂರ್ವಾಚಾರ್ಯರ ಹಿರಿಯ ಪರಂಪರೆ ಅವರ ಹಿಂದಿತ್ತು. ನಮ್ಮ ನಾಡಿನಲ್ಲಿಯೂ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದಿದ್ದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಹಿಂದಿನವರ ಬೀಜಗಣಿತಗಳು ಅತಿ ವಿಸ್ತಾರವಾದುವು, ಆದುದರಿಂದ ಅವುಗಳ ಸಾರವನ್ನು ಸಂಗ್ರಹಿಸಿ ಶಿಷ್ಯರ ಸಂತೋಷಕ್ಕಾಗಿ ಬರೆದೆನೆಂಬುದು ಭಾಸ್ಕರರ ವಿನಯದ ನಿವೇದನೆ. ಬೋಧಕನ ಮನಸ್ಸು ಇಲ್ಲಿಯೇ ಗೋಚರಿಸುತ್ತದೆ.

ಕ್ರಿ.ಶ. 1150ರಲ್ಲಿ ಸಿದ್ಧವಾದ ಅವರ ಸಿದ್ಧಾಂತಶಿರೋಮಣಿಯಲ್ಲಿ ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳೆಂಬ ನಾಲ್ಕು ಭಾಗಗಳನ್ನು ಎಣಿಸುವುದು ವಾಡಿಕೆ. ಇವುಗಳಲ್ಲಿ ಲೀಲಾವತಿಯ ಕೀರ್ತಿ ದೊಡ್ಡದು. ದುಂಬಿಗಳ ಹಿಂಡು, ಹಾವನ್ನು ಹಿಡಿಯಲೆಳಸುವ ನವಿಲು, ಕೆರೆಯ ನೀರಿನಲ್ಲಿ ಮುಳುಗುವ ತಾವರೆ, ಇವೆಲ್ಲವೂ ಅಲ್ಲಿ ಲೆಕ್ಕಗಳಾಗಿ ಬರುತ್ತವೆ. ಗಣಿತಕ್ಕೆ ಅಂಜುವ ಕಾವ್ಯಾಭ್ಯಾಸಿಗಳೂ ಅದನ್ನು ಸವಿದು ಓದಬಲ್ಲರು. ಲೀಲಾವತಿಯು ಆಚಾರ್ಯರ ಮಗಳೆಂದೂ, ಗಳಿಗೆಬಟ್ಟಲಿನಲ್ಲಿ ಮುತ್ತೊಂದು ಬಿದ್ದು ಮುಹೂರ್ತ ತಪ್ಪಿ ಅವಳ ಮದುವೆ ನಿಂತಿತೆಂದೂ ಹೇಳುವ ಕಥೆ ಜನಪ್ರಿಯವಾಗಿದೆ. ಈ ಕಥೆಯು ಹರಡಿದ್ದು 1587ರಲ್ಲಿ ಅಕ್ಬರನ ಆಸ್ಥಾನಕವಿ ಫೈಜಿಯು ಮಾಡಿದ ಪಾರಸೀ ಅನುವಾದದಿಂದ. ಭಾಸ್ಕರರ ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲ. ಕಥೆ ಕರುಣಾಜನಕವಾದುದು ನಿಜ. ಆದರೆ ಆಚಾರ್ಯರ ನಿಜವಾದ ಹಿರಿಮೆಯನ್ನು ಅರಿಯಲು ಮುತ್ತಿನ ಕಥೆಯನ್ನು ಬಿಟ್ಟು ಗುಣಾಕಾರದ ಪ್ರಕರಣಕ್ಕೆ ಬರಬೇಕು.

ಅಲ್ಲಿ ಅವರು ಕೇಳುವ ಪ್ರಶ್ನೆ ಸರಳವಾದುದು: 135ನ್ನು 12ರಿಂದ ಗುಣಿಸಿದರೆ ಎಷ್ಟು? ಉತ್ತರ 1620. ಆದರೆ ಆ ಉತ್ತರಕ್ಕೆ ತಲುಪುವ ಹಾದಿಗಳನ್ನು ಒಂದೊಂದಾಗಿ ತೋರಿಸುವುದರಲ್ಲಿ ಅವರ ಜಾಣ್ಮೆಯಿದೆ. 12ನ್ನು 8 ಮತ್ತು 4 ಎಂದು ಒಡೆಯಬಹುದು. ಆಗ 1080 ಮತ್ತು 540, ಕೂಡಿದರೆ 1620. ಇಲ್ಲವೆ ಅನುಕೂಲವಾದ ಒಂದು ಸಂಖ್ಯೆಯನ್ನು ಕೂಡಿಸಿಯೋ ಕಳೆದೋ ಗುಣಿಸಿ, ಆಮೇಲೆ ಸರಿಪಡಿಸಿಕೊಳ್ಳಬಹುದು: 2ನ್ನು ಕಳೆದು 10ರಿಂದ ಗುಣಿಸಿದರೆ 1350, ಬಿಟ್ಟ ಎರಡರ 270ನ್ನು ಸೇರಿಸಿದರೆ 1620; 8ನ್ನು ಕೂಡಿಸಿ 20ರಿಂದ ಗುಣಿಸಿದರೆ 2700, ಹೆಚ್ಚಾದ 1080ನ್ನು ಕಳೆದರೆ ಮತ್ತೆ 1620. ಹಾದಿ ಬೇರೆಯಾದರೂ ಸೇರುವ ಊರು ಒಂದೇ. ಗುಣಕವನ್ನು ಖಂಡಗಳಾಗಿ ಒಡೆದು, ಪ್ರತಿ ಖಂಡದಿಂದಲೂ ಗುಣಿಸಿ, ಬಂದುದನ್ನು ಕೂಡಿಸುವ ಈ ಕ್ರಮಕ್ಕೆ ಖಂಡಗುಣನವೆಂದು ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ವಿಭಾಜಕ ನಿಯಮವೆಂದೋ ವಿತರಣಾ ನಿಯಮವೆಂದೋ ಕರೆಯುವುದು ಇದನ್ನೇ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ರೈತನೂ ಸಂತೆಯಲ್ಲಿ ಹನ್ನೆರಡು ಚೀಲದ ಬೆಲೆಯನ್ನು, ಹತ್ತರದು ಇಷ್ಟು, ಎರಡರದು ಇಷ್ಟು ಎಂದು ಬಾಯಿಲೆಕ್ಕದಲ್ಲಿಯೇ ಕೂಡಿಸುತ್ತಾನೆ. ನಿಯಮದ ಹೆಸರು ಅವನಿಗೆ ತಿಳಿಯದು, ನಿಯಮ ತಿಳಿದಿದೆ.

ಬೀಜಗಣಿತಕ್ಕೆ ಬಂದಾಗ ಭಾಸ್ಕರರು ತಿಳಿಯದ ಮೊತ್ತವನ್ನು ಅವ್ಯಕ್ತವೆನ್ನುತ್ತಾರೆ. ಮೊದಲನೆಯ ಅವ್ಯಕ್ತಕ್ಕೆ ಯಾವತ್ತಾವತ್ ಎಂದು ಹೆಸರು. ಎಷ್ಟಿದೆಯೋ ಅಷ್ಟು ಎಂಬುದು ಅದರ ಭಾವ. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ, ಪೀತಕವೆಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರವಷ್ಟೇ ಸಾಕು: ಅವ್ಯಕ್ತಕ್ಕೆ ಯಾ, ಬರಿಯ ಸಂಖ್ಯೆಗೆ ರೂಪವೆಂಬುದರ ರೂ. ಋಣಸಂಖ್ಯೆಯ ಮೇಲೊಂದು ಬಿಂದು. ಇಂದಿನ ಬಾಲಕನು ಬರೆಯುವ ಚರಾಕ್ಷರದ ಕೆಲಸವನ್ನು ಅಂದು ಯಾಕಾರವು ಮಾಡುತ್ತಿತ್ತು.

ಇಲ್ಲಿಯೇ ಆಚಾರ್ಯರ ಬೋಧನೆಯ ಮರ್ಮವಿದೆ. ಅವ್ಯಕ್ತಗಳನ್ನು ಗುಣಿಸುವುದಕ್ಕೆ ಅವರು ಹೊಸ ಮಂತ್ರವನ್ನೇನೂ ಉಪದೇಶಿಸುವುದಿಲ್ಲ. ವ್ಯಕ್ತಗಣಿತದಲ್ಲಿ, ಎಂದರೆ ಅಂಕಿಗಳ ಲೆಕ್ಕದಲ್ಲಿ, ಹೇಳಿದ ಖಂಡಗುಣನವನ್ನೇ ಇಲ್ಲಿಯೂ ಅನ್ವಯಿಸಿಕೊಳ್ಳಬೇಕೆಂದು ತಿಳಿಸಿ ಮುಂದೆ ಸಾಗುತ್ತಾರೆ. ಅವರ ಉದಾಹರಣೆ ಇದು: ಐದು ಯಾವತ್ತಾವತ್ತಿನಲ್ಲಿ ಒಂದು ರೂಪ ಕಡಿಮೆ; ಇದನ್ನು ಮೂರು ಯಾವತ್ತಾವತ್ತಿಗೆ ಎರಡು ರೂಪ ಕೂಡಿದ ಮೊತ್ತದಿಂದ ಗುಣಿಸಬೇಕು. ಗುಣಕದ ಎರಡು ಖಂಡಗಳಿಂದಲೂ ಬೇರೆ ಬೇರೆಯಾಗಿ ಗುಣಿಸಿದರೆ, ಮೂರು ಯಾ ಎಂಬ ಖಂಡದಿಂದ ಹದಿನೈದು ಯಾವರ್ಗವೂ ಋಣ ಮೂರು ಯಾ ಕೂಡ ಬರುತ್ತವೆ. ಎರಡು ರೂಪದ ಖಂಡದಿಂದ ಹತ್ತು ಯಾ ಮತ್ತು ಋಣ ಎರಡು ರೂಪ. ಸಜಾತೀಯವಾದುವನ್ನು ಕೂಡಿಸಿದರೆ ಹದಿನೈದು ಯಾವರ್ಗ, ಏಳು ಯಾ, ಋಣ ಎರಡು ರೂಪ. ಹನ್ನೆರಡನ್ನು ಒಡೆದ ಕೈಯೇ ಇಲ್ಲಿಯೂ ಕೆಲಸ ಮಾಡಿತು.

ತರಗತಿಯಲ್ಲಿ ನಿತ್ಯವೂ ಕಾಣುವ ಒಂದು ತಪ್ಪನ್ನು ಇಲ್ಲಿ ನೆನೆಯಬಹುದು. ಆವರಣದೊಳಗೆ ಒಂದು ಯಾ ಮತ್ತು ನಾಲ್ಕು ಇದ್ದು ಹೊರಗೆ ಮೂರು ಇದ್ದರೆ, ಹುಡುಗನು ಮೂರು ಯಾ ಮತ್ತು ನಾಲ್ಕು ಎಂದು ಬರೆದುಬಿಡುತ್ತಾನೆ. ಮೂರು ಮನೆಗಳಿಗೆ ತಲಾ ಒಂದು ಕಟ್ಟಿದ ಜೋಳದ ಚೀಲವನ್ನೂ ನಾಲ್ಕು ಸೇರು ಬಿಡಿ ಜೋಳವನ್ನೂ ಕೊಟ್ಟರೆ ಒಟ್ಟು ಎಷ್ಟಾಯಿತೆಂದು ಅವನನ್ನೇ ಕೇಳಬೇಕು. ಮೂರು ಚೀಲ, ಹನ್ನೆರಡು ಸೇರು ಎಂದು ತಡವಿಲ್ಲದೆ ಹೇಳುತ್ತಾನೆ. ಚೀಲದೊಳಗೆ ಎಷ್ಟು ಸೇರಿದೆಯೆಂದು ಅವನಿಗೆ ತಿಳಿಯದು. ತಿಳಿಯದೆಯೂ ಲೆಕ್ಕ ತಪ್ಪಲಿಲ್ಲ. ಆ ಕಟ್ಟಿದ ಚೀಲವೇ ಯಾವತ್ತಾವತ್.

ಸಮೀಕರಣವನ್ನು ಕಲಿಸುವಾಗಲೂ ಆಚಾರ್ಯರದು ಇದೇ ರೀತಿ. ಒಬ್ಬನಲ್ಲಿ 300 ರೂಪಗಳೂ 6 ಕುದುರೆಗಳೂ ಇವೆ; ಇನ್ನೊಬ್ಬನಲ್ಲಿ ಅದೇ ಬೆಲೆಯ 10 ಕುದುರೆಗಳಿವೆ, ಆದರೆ 100 ರೂಪಗಳ ಸಾಲವಿದೆ; ಇಬ್ಬರ ಸಂಪತ್ತೂ ಸಮವಾದರೆ ಕುದುರೆಯ ಬೆಲೆ ಎಷ್ಟು? ಎರಡು ಪಕ್ಷಗಳನ್ನೂ ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಒಂದು ಪಕ್ಷದ ಅವ್ಯಕ್ತವನ್ನು ಎರಡರಿಂದಲೂ ಕಳೆಯಬೇಕು. ಇನ್ನೊಂದು ಪಕ್ಷದ ರೂಪವನ್ನೂ ಹಾಗೆಯೇ ಎರಡರಿಂದಲೂ ಕಳೆಯಬೇಕು. ಸಮವಾದುವುಗಳಿಂದ ಸಮವಾದುದನ್ನು ಕಳೆದರೆ ಉಳಿಯುವುದೂ ಸಮವೇ. ಆರು ಕುದುರೆಗಳನ್ನು ಕಳೆದರೆ ಒಂದೆಡೆ 300, ಇನ್ನೊಂದೆಡೆ ನಾಲ್ಕು ಕುದುರೆ ಮತ್ತು 100ರ ಋಣ. ಋಣವನ್ನು ಕಳೆಯುವುದೆಂದರೆ ಅಷ್ಟನ್ನು ಕೂಡುವುದೇ. ಆದುದರಿಂದ 400ಕ್ಕೆ ನಾಲ್ಕು ಕುದುರೆ ಸಮ. ಒಂದರ ಬೆಲೆ 100. ತಾಳೆ ನೋಡಿದರೆ ಮೊದಲನೆಯವನಿಗೆ 600 ಮತ್ತು 300 ಸೇರಿ 900. ಎರಡನೆಯವನಿಗೆ 1000ದಲ್ಲಿ 100 ಕಳೆದು 900. ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆಂದು ಕಾರಣವನ್ನರಿಯದೆ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಆ ಬದಲಾವಣೆಯ ಗುಟ್ಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಸಾಲವೂ ಒಂದು ಸಂಖ್ಯೆ, ಅದಕ್ಕೂ ಲೆಕ್ಕದಲ್ಲಿ ಸ್ಥಾನವಿದೆ ಎಂಬುದು ಕೂಡ ಅವನಿಗೆ ಮನದಟ್ಟಾಗುತ್ತದೆ.

ಇಷ್ಟು ಸುಲಭವಾದ ಮೆಟ್ಟಿಲಿನಿಂದ ಮೊದಲುಗೊಂಡ ಈ ಗ್ರಂಥವು ಶಿಷ್ಯನನ್ನು ಬಹು ಎತ್ತರಕ್ಕೆ ಕೊಂಡೊಯ್ಯುತ್ತದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೊಂದು ಪೂರ್ಣವರ್ಗವಾಗಬೇಕೆಂಬ ಸಮಸ್ಯೆಯನ್ನು ಚಕ್ರವಾಲವಿಧಾನದಿಂದ ಬಿಡಿಸಿ, 22,61,53,980 ಎಂಬ ಉತ್ತರವನ್ನು ಅವರು ಕೊಟ್ಟಿದ್ದಾರೆ. ಐದು ಶತಮಾನಗಳ ಬಳಿಕ, 1657ರಲ್ಲಿ, ಫ್ರಾನ್ಸಿನ ಫೆರ್ಮಾ ಎಂಬ ಗಣಿತಜ್ಞನು ಇದೇ ಸಮಸ್ಯೆಯನ್ನು ಯೂರೋಪಿನ ಪಂಡಿತರ ಮುಂದೆ ಸವಾಲಾಗಿ ಇಟ್ಟನು. ಭಾಸ್ಕರರ ದುಡಿಮೆ ವೃದ್ಧಾಪ್ಯದಲ್ಲಿಯೂ ನಿಲ್ಲಲಿಲ್ಲ. ತಮ್ಮ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, 1183ರ ಸುಮಾರಿಗೆ, ಗ್ರಹಗಣನೆಯನ್ನು ಸುಗಮಗೊಳಿಸುವ ಕರಣಕುತೂಹಲವನ್ನು ಅವರು ರಚಿಸಿದರು.

ಇಂಥ ವಿದ್ಯೆ ಆಚಾರ್ಯರೊಡನೆಯೇ ಅಸ್ತಮಿಸಬಹುದಾಗಿತ್ತು. ತಾಳೆಗರಿಗೆ ಗೆದ್ದಲು ಹಿಡಿಯುವುದಕ್ಕೆ ಹೆಚ್ಚು ಕಾಲ ಬೇಡ. ಹಾಗಾಗದಿರಲು ಕಾರಣವೇನೆಂಬುದನ್ನು ಪಾಟಣದ ಶಾಸನ ತಿಳಿಸುತ್ತದೆ. ಭಾಸ್ಕರರ ಮಗ ಲಕ್ಷ್ಮೀಧರರು ಸಕಲ ಶಾಸ್ತ್ರಗಳಲ್ಲಿ ನಿಪುಣರೆಂದು ಅರಿತು ಯಾದವ ದೊರೆ ಜೈತ್ರಪಾಲನು ಅವರನ್ನು ತನ್ನಲ್ಲಿಗೆ ಕರೆಸಿಕೊಂಡನು. ಲಕ್ಷ್ಮೀಧರರ ಮಗ ಚಾಂಗದೇವರು ದೇವಗಿರಿಯ ಸಿಂಘಣನಿಗೆ ಆಸ್ಥಾನಜ್ಯೋತಿಷಿಗಳಾದರು. ಈ ಸಿಂಘಣನ ಆಳ್ವಿಕೆ ನಮ್ಮ ಧಾರವಾಡ ಸೀಮೆಗೂ ಹಬ್ಬಿತ್ತು. ಅವನ ಕಾಲದ ಕನ್ನಡ ಶಾಸನಗಳು ಈ ಭಾಗದಲ್ಲಿ ದೊರೆತಿವೆ. ಚಾಂಗದೇವರು ಪಾಟಣದಲ್ಲಿ ಒಂದು ಮಠವನ್ನು ಕಟ್ಟಿಸಿದರು. ಸಿದ್ಧಾಂತಶಿರೋಮಣಿಯೇ ಮೊದಲಾದ ತಮ್ಮ ಅಜ್ಜನ ಗ್ರಂಥಗಳೂ ವಂಶದ ಇತರರ ಗ್ರಂಥಗಳೂ ಅಲ್ಲಿ ನಿಯತವಾಗಿ ಪಾಠವಾಗಬೇಕೆಂಬುದೇ ಅದರ ಉದ್ದೇಶವಾಗಿತ್ತು. ನಿಕುಂಭ ವಂಶದ ಸಾಮಂತ ಸೋಯಿದೇವನು 1207ರಲ್ಲಿ ಅದಕ್ಕೆ ದತ್ತಿಯನ್ನು ಬಿಟ್ಟನು. ಅವನ ತಮ್ಮ ಹೇಮಾಡಿದೇವನು ಅದನ್ನು ಮುಂದುವರಿಸಿದನು. ಪೇಟೆಯ ಮಾರಾಟದ ಸುಂಕದಲ್ಲಿ ಪಾಲು, ಗಾಣಗಳಿಂದ ಎಣ್ಣೆ, ಅಳತೆಯ ಕೂಲಿಯಲ್ಲಿ ಪಾಲು, ಇವು ಮಠಕ್ಕೆ ಸಲ್ಲುತ್ತಿದ್ದುವು. ಮುತ್ತುರತ್ನಗಳ ಕೊಡುಗೆಗಿಂತ ಇಂಥ ಪುಟ್ಟ ನಿತ್ಯಾದಾಯವೇ ಪಾಠಶಾಲೆಯ ದೀಪಕ್ಕೆ ಎಣ್ಣೆಯನ್ನೂ ವಿದ್ಯಾರ್ಥಿಯ ಹೊಟ್ಟೆಗೆ ಅನ್ನವನ್ನೂ ಒದಗಿಸಬಲ್ಲುದು.

ಮುಂದೆ ಆಚಾರ್ಯರ ಗ್ರಂಥಗಳಿಗೆ ದೇಶದ ಮೂಲೆಮೂಲೆಗಳಲ್ಲಿ ಟೀಕೆಗಳು ಹುಟ್ಟಿದುವು. ಫೈಜಿಯ ಲೀಲಾವತಿಯ ತರುವಾಯ, ಷಹಜಹಾನನ ಕಾಲದಲ್ಲಿ ಬೀಜಗಣಿತವೂ ಪಾರಸೀ ಭಾಷೆಗೆ ಹೋಯಿತು. 1817ರಲ್ಲಿ ಕೋಲ್‌ಬ್ರೂಕ್ ಇವೆರಡನ್ನೂ ಸಂಸ್ಕೃತದಿಂದ ಇಂಗ್ಲಿಷಿಗೆ ತಂದನು. 1979ರಲ್ಲಿ ಭಾರತದ ಉಪಗ್ರಹವೊಂದು ಭಾಸ್ಕರ ಎಂಬ ಹೆಸರನ್ನು ಹೊತ್ತು ಆಕಾಶಕ್ಕೇರಿತು.

ಅಮ್ಮಿನಬಾವಿಯಂಥ ಬಾವಿಯ ಹೆಸರನ್ನೇ ಹೊತ್ತ ಊರಿನವರಿಗೆ ಒಂದು ಮಾತು ಸಹಜವಾಗಿ ಹೊಳೆಯುತ್ತದೆ. ಬಾವಿಯಲ್ಲಿ ನೀರಿದ್ದರೆ ಸಾಲದು. ಸೇದುವ ಕೈ ಬೇಕು, ಹಗ್ಗವನ್ನು ಒದಗಿಸುವವರೂ ಬೇಕು. ಭಾಸ್ಕರರು ವಿದ್ಯೆಯ ಸೆಲೆಯನ್ನು ತೆರೆದರು. ಅವರ ಮಕ್ಕಳು ಮೊಮ್ಮಕ್ಕಳು ಅದನ್ನು ಸೇದಿ ಉಣಿಸಿದರು. ಸೋಯಿದೇವನಂಥ ದಾನಿಗಳೂ, ಹೆಸರೇ ಉಳಿಯದ ಗಾಣಿಗರೂ ಹಗ್ಗವನ್ನು ಒದಗಿಸಿದರು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಇಂದು ನಮಗೆ ಲೀಲಾವತಿ ಇಷ್ಟು ಸಲೀಸಾಗಿ ದೊರೆಯುತ್ತಿತ್ತೆಂದು ಹೇಳುವಂತಿಲ್ಲ. ಶಿಕ್ಷಕರು ಕರಿಹಲಗೆಯ ಮೇಲೆ ಚರಾಕ್ಷರವನ್ನು ಬರೆಯುವ ಮುನ್ನ ಕಟ್ಟಿದ ಚೀಲವೊಂದನ್ನು ಮಗುವಿನ ಕಣ್ಣ ಮುಂದೆ ತರಲಿ. ವ್ಯಕ್ತದ ಕೈ ಹಿಡಿಸಿಯೇ ಅವ್ಯಕ್ತದ ಹೊಸ್ತಿಲನ್ನು ದಾಟಿಸಲಿ. ಹಾಗೆ ದಾಟಿದ ಮಗುವಿಗೆ ಬೀಜಗಣಿತವು ಮತ್ತೆಂದೂ ಅಪರಿಚಿತರ ಮನೆಯಾಗಲಾರದು. ಆ ಪಾಠ ನಡೆಯುವ ಮನೆಯ ದೀಪ ಆರದಂತೆ ನೋಡಿಕೊಳ್ಳುವ ಹೊಣೆ ಉಳಿದ ನಮ್ಮೆಲ್ಲರದು.