ವಿಷ್ಣುವರ್ಧನ ಮತ್ತು ಅವನ ಮನೆತನದ ಹೆಸರು

ಮಕ್ಕಳೇ, ನೀವು ಬೇಲೂರು, ಹಳೇಬೀಡಿಗೆ ಶಾಲಾ ಪ್ರವಾಸ ಹೋಗಿದ್ದೀರಾ? ಬೇಲೂರಿನ ದೇವಾಲಯದಲ್ಲಿ ಹುಲಿಯಂಥ ಪ್ರಾಣಿಯೊಡನೆ ಹೋರಾಡುವ ವೀರನ ಶಿಲ್ಪವಿದೆ. ಅದು ಹೊಯ್ಸಳ ಮನೆತನದ ಲಾಂಛನ. ಈ ಮನೆತನದ ಪ್ರಸಿದ್ಧ ದೊರೆ ವಿಷ್ಣುವರ್ಧನ.

ವಿಷ್ಣುವರ್ಧನನ ತಂದೆ ಎರೆಯಂಗ, ತಾಯಿ ಏಚಲದೇವಿ. ಅಣ್ಣ ಬಲ್ಲಾಳನ ನಂತರ, ಸುಮಾರು 1108ರಲ್ಲಿ ಅವನು ಪಟ್ಟಕ್ಕೆ ಬಂದ. ಅವನಿಗೆ ಬಿಟ್ಟಿದೇವ ಎಂಬ ಹೆಸರೂ ಇತ್ತು. ಬಿಟ್ಟಿ ಎಂದರೆ ವಿಷ್ಣು ಎಂಬ ಪದದ ತದ್ಭವ ರೂಪ. ಆಗ ಹೊಯ್ಸಳರು ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದರು. ತಲಕಾಡು ಚೋಳರ ವಶದಲ್ಲಿತ್ತು. 1116ರ ವೇಳೆಗೆ ವಿಷ್ಣುವರ್ಧನ ಚೋಳರನ್ನು ಸೋಲಿಸಿ ತಲಕಾಡನ್ನು ಗೆದ್ದ. ತಲಕಾಡುಗೊಂಡ ಎಂಬ ಬಿರುದು ಪಡೆದ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯ ಕಟ್ಟಿಸಿದ. ರಾಜಧಾನಿ ದೋರಸಮುದ್ರದಲ್ಲಿ ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾದದ್ದೂ ಅವನ ಕಾಲದಲ್ಲೇ. ದೋರಸಮುದ್ರವೇ ಇಂದಿನ ಹಳೇಬೀಡು.

ಬೇಲೂರಿನ 1117ರ ಶಾಸನದಲ್ಲಿ ಒಂದು ಕಥೆಯಿದೆ. ಸಳ ಎಂಬ ವೀರ ಗುರುವಿನ ಮಾತಿನಂತೆ ಹುಲಿಯನ್ನು ಹೊಡೆದನಂತೆ. ಹಳಗನ್ನಡದಲ್ಲಿ ಪೊಯ್ ಎಂದರೆ ಹೊಡೆ. ಅದರಿಂದ ಪೊಯ್ಸಳ ಎಂಬ ಹೆಸರು ಬಂತು ಎನ್ನುತ್ತದೆ ಕಥೆ.

ಕಲ್ಲಿನ ಮೇಲೆ ಬರೆದದ್ದೆಲ್ಲ ನಡೆದದ್ದೇ? ಯೋಚಿಸಿ. 1117ರಲ್ಲಿ ಜನ ಈ ಕಥೆ ಹೇಳುತ್ತಿದ್ದರು ಎಂಬುದಕ್ಕೆ ಶಾಸನ ಸಾಕ್ಷಿ. ಆದರೆ ಸಳನ ಕಾಲದ್ದೇ ಆದ ಶಾಸನ ಒಂದೂ ಸಿಕ್ಕಿಲ್ಲ. ಹುಲಿ ಚೋಳರ ಲಾಂಛನವೂ ಆಗಿತ್ತು. ಆದ್ದರಿಂದ ತಲಕಾಡಿನ ಗೆಲುವಿನ ನಂತರ ಈ ಕಥೆ ಹೆಚ್ಚು ಹರಡಿರಬಹುದು ಎಂಬುದು ಕೆಲವು ಇತಿಹಾಸಕಾರರ ಊಹೆ.

ಪೊಯ್ಸಳ ಹೊಯ್ಸಳ ಆದದ್ದು ಮಾತ್ರ ಊಹೆಯಲ್ಲ. ಹಳಗನ್ನಡದ ಎಷ್ಟೋ ಪದಗಳ ಮೊದಲ ಪಕಾರ ಮುಂದೆ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಮನೆತನದ ಹೆಸರೂ ಹಾಗೆಯೇ ಬದಲಾಯಿತು. ಹಳೆಯ ಶಾಸನಗಳನ್ನು ಹೊಸ ಶಾಸನಗಳ ಜೊತೆ ಹೋಲಿಸಿ ವಿದ್ವಾಂಸರು ಇದನ್ನು ಕಂಡುಕೊಂಡರು. ಹೋಲಿಸಿ ನೋಡುವುದು ವಿಜ್ಞಾನದ ದಾರಿ.

ನೀವೂ ಮಾಡಿ ನೋಡಿ: ಅರಸಿ ಮತ್ತು ಕೆರೆ ಸೇರಿ ಅರಸೀಕೆರೆ ಆಗಿದೆ. ನಿಮ್ಮ ಊರಿನ, ಮನೆತನದ ಹೆಸರು ಹೇಗೆ ಬಂತು? ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಉತ್ತರಗಳು ಒಂದೇ ಆಗಿವೆಯೇ? ಯಾವುದಕ್ಕೆ ಸಾಕ್ಷಿ ಇದೆ? ತರಗತಿಯಲ್ಲಿ ಚರ್ಚಿಸಿ.