ನಗಾರಿಯೊಳಗಿನ ಹುಡುಗ

ಹೈದರಲಿ ಅಂದ ಕೂಡಲೇ ನಮಗೆ ನೆನಪಾಗುವುದು ಶ್ರೀರಂಗಪಟ್ಟಣ, ಕುದುರೆ ಪಡೆ, ಇಂಗ್ಲಿಷರ ಜೊತೆಗಿನ ಯುದ್ಧ. ದೊಡ್ಡಬಳ್ಳಾಪುರ ಯಾರಿಗೂ ನೆನಪಾಗುವುದಿಲ್ಲ. ಆದರೆ ಆ ಮನುಷ್ಯನನ್ನು ಅರ್ಥ ಮಾಡಿಕೊಳ್ಳಬೇಕಾದ್ರೆ ಅಲ್ಲಿಂದಲೇ ಶುರು ಮಾಡಬೇಕು. ಬೆಂಗಳೂರಿನಿಂದ ತುಮಕೂರಿಗೆ ಹೋಗುವಾಗ ಸೋಂಪುರ ಹೋಬಳಿಯ ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ, ಮುಂದೆ ಹೊಸಕೋಟೆ. ಅವರ ಬದುಕಿನ ಎಷ್ಟೋ ತಿರುವುಗಳು ಈ ಒಂದೇ ರಸ್ತೆಯ ಮೇಲಿವೆ.

ಅವರದು ನೆಲೆ ಇಲ್ಲದ ಕುಟುಂಬ. ಹಿರಿಯರು ಗುಲ್ಬರ್ಗಾದಲ್ಲಿ ಬಂದೇ ನವಾಜರ ದರ್ಗಾದ ಆಸರೆಯಲ್ಲಿದ್ದವರು. ಅಜ್ಜ ಮುಹಮ್ಮದ್ ಅಲಿ ಬಿಜಾಪುರಕ್ಕೆ ಹೋದರು, ಅಲ್ಲಿಂದ ಕೋಲಾರಕ್ಕೆ ಬಂದರು. ತಂದೆ ಫತೇ ಮುಹಮ್ಮದ್ ಸಿಪಾಯಿ. ಆರ್ಕಾಟಿನಲ್ಲಿ ಕೆಲಸ ಮಾಡಿದರು, ಬಿಟ್ಟರು. ಮೈಸೂರಿನಲ್ಲಿ ಮಾಡಿದರು, ಅದನ್ನೂ ಬಿಟ್ಟರು. ಕೊನೆಗೆ ಸಿರಾದ ಸುಬೇದಾರರ ಹತ್ತಿರ ಸೇರಿ ಬೂದಿಕೋಟೆಯ ಜಾಗೀರು ಪಡೆದರು. ಹೈದರ್ ಹುಟ್ಟಿದ್ದು ಅಲ್ಲೇ, 1720ರ ಆಸುಪಾಸಿನಲ್ಲಿ. ಕಾಲ ಕೆಟ್ಟರೆ ಗಂಟುಮೂಟೆ ಕಟ್ಟು, ಇನ್ನೊಬ್ಬ ಧಣಿಯನ್ನು ಹುಡುಕು - ಆ ಮನೆಯ ಗಂಡಸರಿಗೆ ಗೊತ್ತಿದ್ದ ದಾರಿ ಇದೊಂದೇ. ಕಡಲು ದಾಟಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇರುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿರಾದ ಸುಬೇದಾರಿಕೆಗಾಗಿ ನಡೆದ ಕಾದಾಟದಲ್ಲಿ ಫತೇ ಮುಹಮ್ಮದ್ ಸತ್ತರು. ಆಗ ಹೆಂಡತಿ ಮಕ್ಕಳು ಇದ್ದದ್ದು ದೊಡ್ಡಬಳ್ಳಾಪುರದಲ್ಲಿ. ಅಲ್ಲಿನ ಜಾಗೀರುದಾರ ಅಬ್ಬಾಸ್ ಕುಲಿ ಖಾನ್. ಸತ್ತವನಿಂದ ಸರಕಾರಕ್ಕೆ ಬಾಕಿ ಬರಬೇಕು ಅಂತ ಹೇಳಿ ಆತ ಮನೆಯಲ್ಲಿದ್ದ ಚಿನ್ನ, ಪಾತ್ರೆ, ಬಟ್ಟೆ ಎಲ್ಲ ಎತ್ತಿಸಿದ. ಅಷ್ಟಕ್ಕೂ ಸಮಾಧಾನ ಆಗ್ಲಿಲ್ಲ. ಶಹಬಾಜ್ ಮತ್ತು ಹೈದರ್, ಇನ್ನೂ ಹತ್ತು ತುಂಬದ ಇಬ್ಬರು ಹುಡುಗರನ್ನು ಹಿಡಿಸಿದ. ಅವರನ್ನು ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿಸಿ ಹಿಂಸೆ ಕೊಟ್ಟು, ಉಳಿದ ದುಡ್ಡನ್ನು ತಾಯಿಯಿಂದ ಕಕ್ಕಿಸಿದರು ಎಂಬುದು ಹೈದರಲಿಯ ಚರಿತ್ರೆ ಬರೆದ ಹಲವರು ಹೇಳಿದ ಸಂಗತಿ. ಕೊನೆಗೆ ಆ ಉಮ್ಮ ಬರಿಗೈಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಸಂಬಂಧಿಕರ ಆಸರೆಗೆ ಹೋದರು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಮಯ್ಯತ್ತಿನ ನಮಾಝಿಗೆ ನಿಂತಾಗ, ಇವರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ನಮಗೆ ತಿಳಿಸಿ ಅಂತ ಮಗನೋ ಅಣ್ಣನೋ ಎದ್ದು ಹೇಳುತ್ತಾರೆ. ಆಸ್ತಿ ಪಾಲಾಗುವ ಮೊದಲು ಸಾಲ ತೀರಬೇಕು ಎಂಬುದು ಶರೀಅತ್ತಿನ ಕಟ್ಟುನಿಟ್ಟು. ಸಾಲ ತೀರಿಸಬೇಕಾದ್ದು ಸತ್ತವರ ಸೊತ್ತಿನಿಂದ, ಮಕ್ಕಳ ಮೈಯಿಂದಲ್ಲ. ಅಬ್ಬಾಸ್ ಕುಲಿ ಮಾಡಿದ್ದು ಎರಡನೆಯದ್ದನ್ನು. ತಂದೆಯ ಲೆಕ್ಕಕ್ಕೆ ತಾನು ಒತ್ತೆಯಾಗಬಹುದು ಅನ್ನೋದನ್ನು ಹೈದರ್ ಅಕ್ಷರ ಕಲಿಯುವ ವಯಸ್ಸಿನಲ್ಲಿ ಕಲಿತರು. ಅಕ್ಷರ ಮಾತ್ರ ಕಲಿಯಲೇ ಇಲ್ಲ. ಮುಂದೆ ರಾಜ್ಯ ಆಳುವಾಗಲೂ ತನ್ನ ಹೆಸರಿನ ಒಂದೇ ಅಕ್ಷರ ಗೀಚಿ ಸಹಿ ಮಾಡುತ್ತಿದ್ದರು.

ಅಣ್ಣ ಶಹಬಾಜ್ ಮೈಸೂರಿನ ಪಡೆ ಸೇರಿದರು. ತಮ್ಮ ಬಹಳ ಕಾಲ ಬೇಟೆ, ಅಲೆದಾಟ ಅಂತ ಇದ್ದವರು. 1749ರಲ್ಲಿ ಸರ್ವಾಧಿಕಾರಿ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಅಣ್ಣನ ಜೊತೆ ಸುಮ್ಮನೆ ಹೋದ ಸವಾರ ಹೈದರ್. ಮುತ್ತಿಗೆ ತಿಂಗಳುಗಟ್ಟಲೆ ಎಳೆಯಿತು. ಆ ಹೊತ್ತಿನಲ್ಲಿ ಆತ ತೋರಿದ ಧೈರ್ಯ, ತಣ್ಣಗಿನ ತಲೆ ನಂಜರಾಜಯ್ಯರ ಕಣ್ಣಿಗೆ ಬಿತ್ತು. 50 ಕುದುರೆ, 200 ಕಾಲಾಳು ಕೊಟ್ಟರು. ಮರುವರ್ಷ ಅದೇ ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದರು.

ಮುಂದಿನ ಹತ್ತು ವರ್ಷದಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಸಂಬಳ ಸಿಗದ ಮೈಸೂರಿನ ಸಿಪಾಯಿಗಳು ಧರಣಿ ಕೂತಾಗ ಅವರ ಬಾಕಿ ತೀರಿಸುವ ಕೆಲಸ ಹೈದರಲಿ ವಹಿಸಿಕೊಂಡರು. ಬಾಕಿ ಎಂಬ ಶಬ್ದಕ್ಕೆ ಅವರು ಬೆಚ್ಚುತ್ತಿದ್ದರೋ ಏನೋ, ತನ್ನ ಪಡೆಯ ಸಂಬಳ ನಿಲ್ಲದ ಹಾಗೆ ನೋಡಿಕೊಂಡರು. ಓದು ಬಾರದವರಾದ್ದರಿಂದ ಲೆಕ್ಕಕ್ಕೆ ಖಂಡೇರಾಯರನ್ನು ನಂಬಿದರು. ನಂಬಿದ್ದು ದುಬಾರಿಯಾಯಿತು. 1760ರ ಆಗಸ್ಟಿನಲ್ಲಿ, ಹೈದರಲಿಯ ಪಡೆಯ ದೊಡ್ಡ ಭಾಗ ಘಟ್ಟದ ಕೆಳಗೆ ಇದ್ದಾಗ, ಖಂಡೇರಾಯ ಅರಮನೆಯ ಕಡೆ ನಿಂತು ಶ್ರೀರಂಗಪಟ್ಟಣದಲ್ಲಿ ಅವರ ಮೇಲೆ ತೋಪು ತಿರುಗಿಸಿದ. ಆ ರಾತ್ರಿ ಹೈದರಲಿ ಕೆಲವೇ ಸವಾರರ ಜೊತೆ ಕಾವೇರಿ ದಾಟಿ ಆನೇಕಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ ಓಡಿದರು. ಹೆಂಡತಿ ಮಕ್ಕಳು ವೈರಿಯ ಕೈಯಲ್ಲೇ ಉಳಿದರು. ಟಿಪ್ಪುವಿಗೆ ಆಗ ಒಂಬತ್ತರ ವಯಸ್ಸು, ತಂದೆ ನಗಾರಿಯೊಳಗೆ ಕೂತಿದ್ದಾಗಿನ ವಯಸ್ಸಿಗಿಂತ ಒಂದೆರಡು ವರ್ಷ ಹೆಚ್ಚು ಅಷ್ಟೇ.

ಇದನ್ನು ಹೇಡಿತನ ಎನ್ನಲು ನಮಗೆ ಮನಸ್ಸಿಲ್ಲ. ಉಳಿದಿದ್ದರೆ ಎಲ್ಲರೂ ಹೋಗುತ್ತಿದ್ದರು. ಆದರೆ ತನಗೆ ಆದದ್ದನ್ನು ಯಾವ ತಂದೆಯೂ ಮಗನ ಪಾಲಿಗೆ ಬಯಸುವುದಿಲ್ಲ, ಆದರೂ ಅದು ಬಂದೇ ಬಂತು. ಖಂಡೇರಾಯ ಆ ಕುಟುಂಬವನ್ನು ಹಿಂಸಿಸಲಿಲ್ಲ, ಅದು ಅವನ ದೊಡ್ಡತನ. ತಿಂಗಳುಗಳ ನಂತರ ಹೈದರಲಿ ಪಡೆ ಕಟ್ಟಿಕೊಂಡು ಬಂದು ಗೆದ್ದರು. ಸೋತ ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿ ಇಟ್ಟು ಹಾಲು ಅನ್ನ ಹಾಕಿಸಿದರು, ಗಿಳಿ ಸಾಕಿದ ಹಾಗೆ. ನಗಾರಿಯಲ್ಲಿ ಕೂತಿದ್ದ ಹುಡುಗನ ಕೈಗೆ ಅಧಿಕಾರ ಬಂದಾಗ ಇಂಥದ್ದೂ ನಡೆಯಿತು. ಮುಚ್ಚಿಡುವಂಥದ್ದಲ್ಲ.

1761ರಲ್ಲೇ ಅದಕ್ಕೆ ತದ್ವಿರುದ್ಧದ ಸಂಗತಿ ನಡೆಯಿತು. ಹೊಸಕೋಟೆಗೆ ಮುತ್ತಿಗೆ ಹಾಕಿ ಕೈಸೋತಿದ್ದ ನಿಜಾಮರ ತಮ್ಮ ಬಸಾಲತ್ ಜಂಗ್, 3 ಲಕ್ಷ ರೂಪಾಯಿ ತೆಗೆದುಕೊಂಡು ಹೈದರಲಿಗೆ ಸಿರಾದ ನವಾಬಿಕೆ ಕೊಟ್ಟ. ಹೊಸಕೋಟೆ ಬಿತ್ತು. ಮುಂದಿನ ಊರು ದೊಡ್ಡಬಳ್ಳಾಪುರ. ಅಬ್ಬಾಸ್ ಕುಲಿ ಖಾನ್ ಮನೆಯವರನ್ನು ಬಿಟ್ಟು ಮದರಾಸಿಗೆ ಪರಾರಿ. ಅವನ ತಾಯಿ ಕೈಗೆ ಸಿಕ್ಕಿದರು. ಮೂವತ್ತು ವರ್ಷದ ಹಿಂದೆ ಹೈದರ್ ಮನೆಯವರ ಕಷ್ಟದಲ್ಲಿ ಆಕೆ ಕರುಣೆ ತೋರಿದ್ದರಂತೆ. ಹೈದರಲಿ ಅದನ್ನು ಮರೆತಿರಲಿಲ್ಲ. ಆ ಮನೆಯವರ ಕೂದಲು ಕೊಂಕದ ಹಾಗೆ ನೋಡಿಕೊಂಡರು ಅಂತ ಇಂಗ್ಲಿಷ್ ಇತಿಹಾಸಕಾರರೇ ಬರೆದಿದ್ದಾರೆ. ಅಬ್ಬಾಸ್ ಕುಲಿಗೆ ಮಾತ್ರ ನಂಬಿಕೆ ಬರಲಿಲ್ಲ. ಮುಂದೆ ಮೈಸೂರಿನ ಸೈನ್ಯ ಮದರಾಸಿನ ಹತ್ತಿರ ಬಂದಾಗ ಹಡಗು ಹತ್ತಿ ಕಡಲಲ್ಲಿ ಕೂತವನು, ಅದು ಘಟ್ಟ ಹತ್ತುವ ತನಕ ಇಳಿಯಲಿಲ್ಲ.

1763ರಲ್ಲಿ ಬಿದನೂರು, ಅದರ ಜೊತೆ ನಮ್ಮ ಮಂಗಳೂರು ಅವರ ಕೈಗೆ ಬಂದದ್ದು, ಹಡಗು ಕಟ್ಟಿಸಿದ್ದು, 1769ರಲ್ಲಿ ಮದರಾಸಿನ ಬಾಗಿಲಲ್ಲೇ ಇಂಗ್ಲಿಷರನ್ನು ಒಪ್ಪಂದಕ್ಕೆ ಬಗ್ಗಿಸಿದ್ದು ಎಲ್ಲ ಶಾಲೆಯಲ್ಲಿ ಓದಿದ್ದೇ. ಮನೆಯೊಳಗೆ ಅವರು ಬದಲಾಯಿಸಿದ್ದನ್ನು ಹೇಳುವವರು ಕಡಿಮೆ. ಅಜ್ಜ, ತಂದೆ ಹಾಗೆ ಧಣಿಯನ್ನು ಹುಡುಕಿ ಊರು ಬಿಡಲಿಲ್ಲ. ತಾನು ಓದದಿದ್ದರೂ ಮಗನಿಗೆ ಉಸ್ತಾದರನ್ನಿಟ್ಟು ಓದಿಸಿದರು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡಾಗ ಮಗ ದೂರದ ಮಲಬಾರಿನಲ್ಲಿದ್ದರು. ಪೂರ್ಣಯ್ಯ, ಕೃಷ್ಣರಾಯರು ಸುದ್ದಿ ಮುಚ್ಚಿಟ್ಟು, ಮಯ್ಯತ್ತನ್ನು ಪೆಟ್ಟಿಗೆಯಲ್ಲಿಟ್ಟು ಗುಟ್ಟಾಗಿ ಕೋಲಾರಕ್ಕೆ ಕಳಿಸಿದರು, ಫತೇ ಮುಹಮ್ಮದರ ಗೋರಿಯ ಬಳಿಗೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ತಂದದ್ದು ಆಮೇಲೆ. ಈ ತಂದೆ ಮಗನಿಗೆ ಬಾಕಿ ಬಿಟ್ಟು ಹೋಗಲಿಲ್ಲ. ಖಜಾನೆ ತುಂಬಿತ್ತು, ಪಡೆ ಚದುರಲಿಲ್ಲ.

ಹತ್ತು ವರ್ಷ ಕಳೆಯಿತು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನಿಗೆ ಸೋತ ಟಿಪ್ಪು ಅರ್ಧ ರಾಜ್ಯ ಕೊಡಬೇಕಾಯಿತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ. ದುಡ್ಡು ತೀರುವವರೆಗೆ ಒತ್ತೆ ಬೇಕು ಅಂದರು ಇಂಗ್ಲಿಷರು. ಅಬ್ದುಲ್ ಖಾಲಿಕ್ ಮತ್ತು ಮುಈಝುದ್ದೀನ್, ಇಬ್ಬರು ಬಾಲಕರು ಆನೆ ಮೇಲೆ ಕೂತು ಹೊರಟರು. ಅವರನ್ನು ಮದರಾಸಿನಲ್ಲಿ ಚೆನ್ನಾಗಿಯೇ ನೋಡಿಕೊಂಡರು. ಆದರೂ ಲೆಕ್ಕ ಅದೇ: ದೊಡ್ಡವರ ಬಾಕಿ, ಸಣ್ಣ ಹುಡುಗರ ಮೈ. ಟಿಪ್ಪು ಬಾಕಿಯನ್ನು ಕಂತು ಕಂತಾಗಿ ಪೂರಾ ತೀರಿಸಿದರು. 1794ರ ಮಾರ್ಚಿನಲ್ಲಿ ಕ್ಯಾಪ್ಟನ್ ಡವ್ಟನ್ ಆ ಹುಡುಗರನ್ನು ಕರೆತಂದು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿ. ಅಜ್ಜನನ್ನು ನಗಾರಿಯಲ್ಲಿ ಕೂರಿಸಿದ್ದ ಊರು ಅಲ್ಲಿಂದ 20 ಕಿ.ಮೀ. ಆಸುಪಾಸು.